ಹಳೇ ಸಿಪಿಯು ಕೊಳ್ಳುವಾಗ ಮದರ್‌ಬೋರ್ಡ್ ನೋಡಿ

ತಿಪಟೂರಿನಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿರುವ ಗೆಳೆಯನೊಬ್ಬ ಎರಡು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ಸಿಪಿಯು, ಅಂದರೆ ಕಂಪ್ಯೂಟರಿನ ಡಬ್ಬ, ಕೊಂಡ. ಫೋನ್ ಮಾಡಿ "ಐ7 ಕಣೋ, ಭಾರಿ ಅಗ್ಗಕ್ಕೆ ಸಿಕ್ತು" ಅಂದ. ಹೋಗಿ ನೋಡಿದೆ. ಐ7 ಅನ್ನುವುದು ನಿಜ. ಆದರೆ ಅದು ಐ7-870, ಇಂಟೆಲ್ ಕಂಪನಿಯಿಂದ 2009ರಲ್ಲಿ ಬಂದ ಪ್ರೊಸೆಸರ್, ಅಂದರೆ ಕಂಪ್ಯೂಟರಿನ ಲೆಕ್ಕವೆಲ್ಲ ಮಾಡುವ ಚಿಪ್. ಅದರೊಳಗೆ ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಇಲ್ಲ. ಹಾಗಾಗಿ ಎಲ್ಲಿಯದೋ ಹಳೆಯ ಗ್ರಾಫಿಕ್ಸ್ ಕಾರ್ಡ್ ಸಿಕ್ಕಿಸಿ ಕೊಟ್ಟಿದ್ದರು. ಒಂದು ಪಿಡಿಎಫ್ ತೆರೆಯುವಷ್ಟರಲ್ಲಿ ಗಿರಾಕಿ ಎರಡು ಸಲ ಗಡಿಯಾರ ನೋಡುತ್ತಿದ್ದ.

ಮಾರಿದವರು ಸುಳ್ಳು ಹೇಳಿರಲಿಲ್ಲ. ಆದರೆ 8ನೇ ಜನರೇಷನ್ನಿನ, ಅಂದರೆ 8ನೇ ತಲೆಮಾರಿನ, ಸಾದಾ ಐ3-8100 ಕೂಡ ಆ ಐ7ಗಿಂತ ಬಹಳ ಮುಂದಿದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಡಬ್ಬದ ಮೇಲಿನ ಸ್ಟಿಕ್ಕರ್ ನೋಡಿ ಕೊಂಡುಬಿಟ್ಟಿದ್ದ. ನಮ್ಮಲ್ಲಿ ಬಹಳ ಜನ ಕೊಳ್ಳುವುದೇ ಹೀಗೆ, ಅಲ್ವಾ?

ಕಂಪನಿಗಳು ಮೂರರಿಂದ ಐದು ವರ್ಷಕ್ಕೊಮ್ಮೆ ತಮ್ಮ ಕಂಪ್ಯೂಟರ್‌ಗಳನ್ನು ಬದಲಾಯಿಸುತ್ತವೆ. ಲೀಸ್ ಮುಗಿದ ಯಂತ್ರಗಳು ರಾಶಿ ರಾಶಿಯಾಗಿ ಹೊರಬರುತ್ತವೆ. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಸಾಲಾಗಿ ಜೋಡಿಸಿಟ್ಟಿರುವ ಕಪ್ಪು ಡಬ್ಬಗಳಲ್ಲಿ ಹೆಚ್ಚಿನವು ಇವೇ. ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಎಲೀಟ್‌ಡೆಸ್ಕ್ ಮತ್ತು ಪ್ರೋಡೆಸ್ಕ್, ಲೆನೊವೊ ಥಿಂಕ್‌ಸೆಂಟರ್. ಆಫೀಸಿನ ಕೆಲಸಕ್ಕೆಂದೇ ಗಟ್ಟಿಯಾಗಿ ಮಾಡಿದ ಯಂತ್ರಗಳು. ಹೊಸ ಅಗ್ಗದ ಅಸೆಂಬಲ್ಡ್ ಕಂಪ್ಯೂಟರ್‌ಗಿಂತ ಇವು ಎಷ್ಟೋ ಸಲ ಒಳ್ಳೆಯ ಆಯ್ಕೆ ಎಂದು ನಾನು ನಂಬಿದ್ದೇನೆ. ಆದರೆ ಒಂದು ಮಾತು ನೆನಪಿರಲಿ. ಇಲ್ಲಿ ನೀವು ನಿಜವಾಗಿ ದುಡ್ಡು ಕೊಡುವುದು ಒಳಗಿನ ಭಾಗಗಳನ್ನೆಲ್ಲ ಸಿಕ್ಕಿಸುವ ಹಲಗೆಯಾದ ಮದರ್‌ಬೋರ್ಡಿಗೆ. ಮುಂದೆ ಕಡಿಮೆ ಖರ್ಚಿನಲ್ಲಿ ಏನೇನು ಸೇರಿಸಬಹುದು, ಎಲ್ಲಿ ನಿಲ್ಲಿಸಬೇಕು ಎಂದು ನಿರ್ಧರಿಸುವುದು ಅದೇ.

ಗಿರಣಿಯ ಲೆಕ್ಕ

ಮೊದಲು ನಂಬರ್ ಓದುವುದು ಕಲಿಯೋಣ. ಐ5-3470 ಎಂದಿದ್ದರೆ ಅಡ್ಡಗೆರೆಯ ನಂತರದ ಮೊದಲ ಅಂಕಿ ಜನರೇಷನ್. ಇಲ್ಲಿ 3. ಐ5-8500 ಎಂದರೆ 8ನೇ ಜನರೇಷನ್. ಐದು ಅಂಕಿ ಇದ್ದರೆ ಮೊದಲ ಎರಡನ್ನು ತೆಗೆದುಕೊಳ್ಳಿ, 10400 ಎಂದರೆ 10ನೆಯದು. ಬರೀ ಮೂರು ಅಂಕಿ ಇದ್ದರೆ ಅದು ಮೊದಲ ಜನರೇಷನ್, ನನ್ನ ಗೆಳೆಯನ 870ರ ಹಾಗೆ. ಕೊನೆಯಲ್ಲಿ ಟಿ ಅಕ್ಷರ ಇದ್ದರೆ ಅದು ಕಡಿಮೆ ವಿದ್ಯುತ್ ಬಳಸುವ, ಸ್ವಲ್ಪ ನಿಧಾನದ ಮಾದರಿ. ಪುಟ್ಟ ಟೈನಿ, ಮೈಕ್ರೋ ಡಬ್ಬಗಳಲ್ಲಿ ಹೆಚ್ಚಾಗಿ ಇದೇ ಇರುತ್ತದೆ.

ಈಗ ವೇಗದ ಮಾತು. ಅಂಗಡಿಯಲ್ಲಿ "3 ಗಿಗಾಹರ್ಟ್ಸ್ ಇದೆ ಸರ್" ಎನ್ನುತ್ತಾರೆ. ಈ ನಾಲ್ಕು ಪ್ರೊಸೆಸರ್ ನೋಡಿ. 2008ರ ಕೋರ್ 2 ಡ್ಯೂಓ ಇ8400, ಅದರ ವೇಗ 3.0. 2012ರ ಐ5-3470, 3.2. 2015ರ ಐ5-6500, ಅದೂ 3.2. 2018ರ ಐ5-8500, ಮತ್ತೆ 3.0. ಹತ್ತು ವರ್ಷದಲ್ಲಿ ಗಿಗಾಹರ್ಟ್ಸ್ ಒಂದಿಷ್ಟೂ ಏರಲಿಲ್ಲ ಎಂದು ಕಾಣುತ್ತದೆ.

ಹಿಟ್ಟಿನ ಗಿರಣಿಯನ್ನು ನೆನೆಸಿಕೊಳ್ಳಿ. ಕಲ್ಲು ಎಷ್ಟು ಜೋರಾಗಿ ತಿರುಗುತ್ತದೆ ಎನ್ನುವುದು ಗಿಗಾಹರ್ಟ್ಸ್. ಆದರೆ ಒಂದು ಸುತ್ತಿಗೆ ಎಷ್ಟು ರಾಗಿ ಬೀಸುತ್ತದೆ? ಅಂಥ ಕಲ್ಲು ಎಷ್ಟಿವೆ? ಈ ಎರಡು ಗೊತ್ತಾಗದೆ ಎಷ್ಟು ಹಿಟ್ಟು ಸಿಗುತ್ತದೆ ಎಂದು ಹೇಳಲಾಗದು. ಹೊಸ ಜನರೇಷನ್‌ಗಳಲ್ಲಿ ಒಂದು ಸುತ್ತಿಗೆ ಆಗುವ ಕೆಲಸ ಜಾಸ್ತಿ. ಕಲ್ಲುಗಳೂ ಜಾಸ್ತಿ, ಅಂದರೆ ಕೋರ್‌ಗಳು. ಇ8400ರಲ್ಲಿ ಎರಡು, 3470 ಮತ್ತು 6500ರಲ್ಲಿ ನಾಲ್ಕು, 8500ರಲ್ಲಿ ಆರು. ಜೊತೆಗೆ ಹೊರೆ ಬಿದ್ದಾಗ ಹೊಸವು ತಮ್ಮ ವೇಗವನ್ನು ತಾವೇ ಏರಿಸಿಕೊಳ್ಳುತ್ತವೆ. 8500 ಹೀಗೆ 4.1ರವರೆಗೆ ಹೋಗುತ್ತದೆ.

ಎಲ್ಲ ಕೋರ್‌ಗಳೂ ಒಟ್ಟಿಗೆ ದುಡಿಯುವ ಕೆಲಸದಲ್ಲಿ ಇ8400ಕ್ಕಿಂತ 3470 ಮೂರು ಪಟ್ಟಿಗೂ ಮಿಗಿಲು. ಆದರೆ 3470ರಿಂದ 6500ಕ್ಕೆ ಬಂದರೆ ಹೆಚ್ಚುವುದು ಸುಮಾರು ಐದನೇ ಒಂದು ಭಾಗ ಮಾತ್ರ. ಆಮೇಲೆ 6500ರಿಂದ 8500ಕ್ಕೆ ಮತ್ತೊಂದು ದೊಡ್ಡ ಜಿಗಿತ, ಒಂದೂವರೆ ಪಟ್ಟಿಗಿಂತ ಹೆಚ್ಚು. ಅಂದರೆ ಇದು ಸಮನಾದ ಮೆಟ್ಟಿಲುಗಳ ಏಣಿ ಅಲ್ಲ. 2ನೇ ಜನರೇಷನ್ನಿನಲ್ಲಿ ಒಂದು ದೊಡ್ಡ ಮೆಟ್ಟಿಲು, 8ರಲ್ಲಿ ಇನ್ನೊಂದು. ನಡುವೆ ಉದ್ದನೆಯ ಜಗಲಿ. ಈ ಜಗಲಿಯ ಮೇಲಿನ ಯಂತ್ರಗಳಲ್ಲಿ ಪ್ರೊಸೆಸರ್ ನೋಡಿ ಜಾಸ್ತಿ ದುಡ್ಡು ಕೊಡುವುದು ಸುಮ್ನೆ ದಂಡ. ಅಲ್ಲಿ ಬೋರ್ಡ್ ನೋಡಬೇಕು.

ಒಂದೇ ಪ್ರೊಸೆಸರ್, ಎರಡು ಬೋರ್ಡ್

ಆಪ್ಟಿಪ್ಲೆಕ್ಸ್ 3010 ಮತ್ತು ಆಪ್ಟಿಪ್ಲೆಕ್ಸ್ 7010 ಎರಡೂ 2012ರ ಯಂತ್ರಗಳು. ಹೊರಗಿಂದ ಅಣ್ಣ ತಮ್ಮಂದಿರ ಹಾಗೆ ಕಾಣುತ್ತವೆ. ಎರಡರಲ್ಲೂ ಐ5-3470 ಇರಬಹುದು. ಅಂಗಡಿಯವರು ಒಂದೇ ಬೆಲೆ ಹೇಳುವುದೂ ಉಂಟು. ಆದರೆ 3010ರ ಬೋರ್ಡಿನಲ್ಲಿರುವುದು ಭಾಗಗಳನ್ನು ಒಂದಕ್ಕೊಂದು ಬೆಸೆಯುವ ಎಚ್61 ಚಿಪ್‌ಸೆಟ್. ರ‍್ಯಾಮ್ ಹಾಕಲು ಎರಡೇ ಜಾಗ. ಯುಎಸ್‌ಬಿ 3.0 ಇಲ್ಲ. ಡಿಸ್ಕ್ ಸಿಕ್ಕಿಸುವ ಸಾಟಾ ಪೋರ್ಟುಗಳೆಲ್ಲ ಹಳೆಯ 3 ಗಿಗಾಬಿಟ್ ವೇಗದವು. 7010ರಲ್ಲಿ ಕ್ಯೂ77 ಇದೆ. ಮಾಮೂಲಿ ಗಾತ್ರದ ಡಬ್ಬದಲ್ಲಿ ರ‍್ಯಾಮಿಗೆ ನಾಲ್ಕು ಜಾಗ, ಒಟ್ಟು 32 ಜಿಬಿವರೆಗೆ ಹಾಕಬಹುದು. ಹಿಂದೆ ನೀಲಿ ಬಣ್ಣದ ಯುಎಸ್‌ಬಿ 3.0 ಇದೆ. 6 ಗಿಗಾಬಿಟ್ ಸಾಟಾ ಪೋರ್ಟುಗಳಿವೆ. ಎಚ್‌ಪಿಯ ಎಲೀಟ್ 8300, ಲೆನೊವೊದ ಎಂ92ಪಿ ಕೂಡ ಕ್ಯೂ77 ಬೋರ್ಡಿನವೇ.

ಒಂದು ಎಚ್ಚರಿಕೆ. ಡೆಲ್ 2023ರಲ್ಲಿ 7010 ಎಂಬ ಹೆಸರನ್ನು ಮತ್ತೆ ಬಳಸಿತು, ಆಗ ಒಳಗಿದ್ದದ್ದು 13ನೇ ಜನರೇಷನ್ ಪ್ರೊಸೆಸರ್. ಆನ್‌ಲೈನಿನಲ್ಲಿ ಹುಡುಕುವಾಗ ಒಂದರ ವಿವರ ಇನ್ನೊಂದಕ್ಕೆ ಅಂಟಿಕೊಂಡು ಬರುತ್ತದೆ.

ಮುಂದಿನ ಜನರೇಷನ್‌ಗಳಲ್ಲೂ ಇದೇ ಸೂತ್ರ. ಡೆಲ್‌ನಲ್ಲಿ 3ರಿಂದ ಶುರುವಾಗುವ ಮಾದರಿ ಅಗ್ಗದ ಬೋರ್ಡಿನದು, 7 ಮತ್ತು 9ರಿಂದ ಶುರುವಾಗುವುದು ಮೇಲಿನ ದರ್ಜೆಯದು. 4ನೇ ಜನರೇಷನ್ನಿನಲ್ಲಿ 3020ಕ್ಕಿಂತ 9020 ಮೇಲು. ಕೆಲವು ನೂರು ರೂಪಾಯಿಯ ವ್ಯತ್ಯಾಸಕ್ಕೆ ಮೇಲಿನದು ಸಿಗುವುದಾದರೆ ಯೋಚನೆಯೇ ಬೇಡ.

ಪ್ರೊಸೆಸರ್ ಕೂರುವ ಜಾಗದ, ಅಂದರೆ ಸಾಕೆಟ್ಟಿನ, ಹೆಸರನ್ನೂ ಪೂರ್ತಿ ನಂಬಬೇಡಿ. 2 ಮತ್ತು 3ನೇ ಜನರೇಷನ್ ಎರಡಕ್ಕೂ 1155 ಸಾಕೆಟ್. ಆದರೂ 2ನೇ ಜನರೇಷನ್ನಿನ ಆಫೀಸ್ ಯಂತ್ರಗಳಲ್ಲಿ 3ರ ಪ್ರೊಸೆಸರ್ ಹಾಕಿದರೆ ಯಂತ್ರವನ್ನು ಶುರು ಮಾಡಿಸುವ ಬೋರ್ಡಿನ ತಂತ್ರಾಂಶ ಬಯಾಸ್ ಒಪ್ಪದೆ ಇರಬಹುದು. 6 ಮತ್ತು 7ಕ್ಕೆ ಇರುವುದು 1151. 8ಕ್ಕೂ ಅದೇ 1151. ಆದರೆ 6ನೇ ಜನರೇಷನ್ ಯಂತ್ರಕ್ಕೆ 8ರ ಪ್ರೊಸೆಸರ್ ತಂದು ಹಾಕಿದರೆ ಓಡುವುದಿಲ್ಲ. ಕೂರುತ್ತದೆ, ಕೆಲಸ ಮಾಡುವುದಿಲ್ಲ.

ಮೊದಲ ಖರ್ಚು ಎಸ್‌ಎಸ್‌ಡಿಗೆ

ಹಳೆಯ ಕಂಪ್ಯೂಟರ್ "ಸ್ಲೋ" ಎಂದು ನಾವು ಗೊಣಗುವಾಗ ಹತ್ತರಲ್ಲಿ ಎಂಟು ಸಲ ತಪ್ಪು ಹಾರ್ಡ್ ಡಿಸ್ಕಿನದು. ಇದು ನನ್ನ ಅನುಭವದ ಮಾತು. ಕಾರಣ ತಿಳಿಯುವುದು ಕಷ್ಟವಲ್ಲ. ಹಾರ್ಡ್ ಡಿಸ್ಕ್ ಒಂದು ತಿರುಗುವ ತಟ್ಟೆ. ನಿಮಿಷಕ್ಕೆ 7200 ಸುತ್ತು. ಬೇಕಾದ ಜಾಗ ಓದುವ ಸೂಜಿಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, ಅದು ಸುಮಾರು 4 ಮಿಲಿಸೆಕೆಂಡ್. ಸೂಜಿ ತಾನು ಅಲ್ಲಿಗೆ ಸರಿಯಲು ಮತ್ತೆ 8, 9 ಮಿಲಿಸೆಕೆಂಡ್. ಹೀಗಾಗಿ ಅಲ್ಲಲ್ಲಿ ಚದುರಿದ ಚಿಕ್ಕ ಫೈಲುಗಳನ್ನು ಓದುವಾಗ ಸೆಕೆಂಡಿಗೆ ನೂರು ಸಲ ಓದುವುದೂ ಕಷ್ಟ. ವಿಂಡೋಸ್ ಶುರುವಾಗುವಾಗ ಇಂಥ ಸಾವಿರಾರು ಚಿಕ್ಕ ಓದುಗಳು ಬೇಕು. ಪ್ರೊಸೆಸರ್ ಕೈಕಟ್ಟಿ ಕೂತಿರುತ್ತದೆ.

ಎಸ್‌ಎಸ್‌ಡಿಯಲ್ಲಿ ಮಾಹಿತಿ ಚಿಪ್ಪುಗಳಲ್ಲಿ ಇರುತ್ತದೆ, ತಿರುಗುವುದು ಏನೂ ಇಲ್ಲ. ಸೆಕೆಂಡಿಗೆ ಹತ್ತಾರು ಸಾವಿರ ಸಲ ಓದುತ್ತದೆ. ಹಾಗಾಗಿ 3010ರಂಥ 3 ಗಿಗಾಬಿಟ್ ಬೋರ್ಡಿನಲ್ಲೂ ಅದರ ಲಾಭ ಬಹುಪಾಲು ಸಿಗುತ್ತದೆ. ಸಾಟಾ ಎಸ್‌ಎಸ್‌ಡಿ ಒಳ್ಳೆಯ ಪೋರ್ಟಿನಲ್ಲಿ ಸೆಕೆಂಡಿಗೆ 550 ಎಂಬಿವರೆಗೆ ಕೊಟ್ಟರೆ ಹಳೆಯ ಪೋರ್ಟಿನಲ್ಲಿ 300ರ ಒಳಗೆ ನಿಲ್ಲುತ್ತದೆ. ದಿನದ ಕೆಲಸದಲ್ಲಿ ಈ ವ್ಯತ್ಯಾಸ ಕಣ್ಣಿಗೆ ಬೀಳುವುದು ಕಡಿಮೆ. ಎನ್‌ವಿಎಂಇ ಎಂಬ ಇನ್ನೂ ವೇಗದ ಬಗೆ ಬೇಕಿದ್ದರೆ 6ನೇ ಜನರೇಷನ್ ನಂತರದ, ಎಂ.2 ಜಾಗ ಇರುವ ಬೋರ್ಡ್ ನೋಡಿ. ಅದಕ್ಕೋಸ್ಕರವೇ ಯಂತ್ರ ಬದಲಿಸುವಷ್ಟು ದೊಡ್ಡ ವಿಷಯ ಅದಲ್ಲ.

ರ‍್ಯಾಮ್ ಎರಡನೆಯದು. ಇವತ್ತಿನ ಬ್ರೌಸರ್‌ಗೆ 4 ಜಿಬಿ ಸಾಲದು, 8 ಇರಲಿ. ಒಂದೇ 8ರ ಕಡ್ಡಿಗಿಂತ ಎರಡು 4ರ ಕಡ್ಡಿ ಒಳ್ಳೆಯದು. ಬೋರ್ಡ್ ಎರಡು ದಾರಿಯಲ್ಲಿ ಒಟ್ಟಿಗೆ ಓದುತ್ತದೆ, ಪ್ರೊಸೆಸರಿನೊಳಗಿನ ಗ್ರಾಫಿಕ್ಸಿಗೆ ಇದರಿಂದ ನೇರ ಅನುಕೂಲ. 2, 3, 4ನೇ ಜನರೇಷನ್ ಆಫೀಸ್ ಯಂತ್ರಗಳಿಗೆ ಡಿಡಿಆರ್3 ಬೇಕು. 6ರಿಂದ ಮೇಲೆ ಹೆಚ್ಚಾಗಿ ಡಿಡಿಆರ್4. ಒಂದು ಇನ್ನೊಂದರ ಜಾಗದಲ್ಲಿ ಕೂರುವುದಿಲ್ಲ. ಆನ್‌ಲೈನಿನಲ್ಲಿ ತೀರಾ ಅಗ್ಗಕ್ಕೆ ಸಿಗುವ ಸರ್ವರ್ ರ‍್ಯಾಮ್ ಮತ್ತು "ಎಎಂಡಿಗೆ ಮಾತ್ರ" ಎಂದು ಬರೆದಿರುವ ಕಡ್ಡಿಗಳು ಇಂಟೆಲ್‌ನ ಈ ಯಂತ್ರಗಳಲ್ಲಿ ಓಡುವುದಿಲ್ಲ, ಮೋಸ ಹೋಗಬೇಡಿ. 2025ರ ಕೊನೆಯ ಹೊತ್ತಿಗೆ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ ರ‍್ಯಾಮ್ ಬೆಲೆ ಎಲ್ಲೆಡೆ ಏರಿತು. ಆದ್ದರಿಂದ ಮೊದಲೇ 8 ಅಥವಾ 16 ಜಿಬಿ ಇರುವ ಡಬ್ಬ ಸಿಕ್ಕರೆ ಅದಕ್ಕೆ ಸ್ವಲ್ಪ ಹೆಚ್ಚು ಕೊಡುವುದರಲ್ಲಿ ಅರ್ಥ ಇದೆ.

ಜೊತೆಗೆ ಬರುವ ದುಡ್ಡು, ಅಲ್ಲೇ ಉಳಿಯುವ ದುಡ್ಡು

ನಾನು ಯಾರಿಗೇ ಸಲಹೆ ಕೊಡುವಾಗಲೂ ಖರ್ಚನ್ನು ಹೀಗೆ ಎರಡು ಪಾಲು ಮಾಡುತ್ತೇನೆ. ಎಸ್‌ಎಸ್‌ಡಿ, ಮಾನಿಟರ್, ಕೀಬೋರ್ಡ್, ಯುಪಿಎಸ್ ಇವು ಮುಂದಿನ ಕಂಪ್ಯೂಟರಿಗೂ ನಿಮ್ಮ ಜೊತೆ ಬರುತ್ತವೆ. ಡಿಡಿಆರ್3 ರ‍್ಯಾಮ್ 4ನೇ ಜನರೇಷನ್ ತನಕ ಬರುತ್ತದೆ, ಆಮೇಲೆ ಇಲ್ಲ. ಪ್ರೊಸೆಸರ್ ಮಾತ್ರ ಆ ಬೋರ್ಡಿಗೇ ಅಂಟಿಕೊಂಡ ಖರ್ಚು.

ಲೆಕ್ಕ ಸುಲಭವಾಗಲಿ ಎಂದು ಊಹೆಯ ಸಂಖ್ಯೆ ಇಟ್ಟುಕೊಳ್ಳೋಣ. 3ನೇ ಜನರೇಷನ್ ಡಬ್ಬ 4,000 ರೂಪಾಯಿ. ಅದಕ್ಕೆ ಐ7-3770 ಹಾಕಿಸಲು 2,500, ರ‍್ಯಾಮ್ ಸೇರಿಸಲು 1,500. ಒಟ್ಟು 8,000. ಅಷ್ಟರಲ್ಲಿ ಪಕ್ಕದ ಅಂಗಡಿಯಲ್ಲಿ 8 ಜಿಬಿ ಇರುವ 8ನೇ ಜನರೇಷನ್ ಡಬ್ಬ 10,000ಕ್ಕೆ ಸಿಗುತ್ತಿದ್ದರೆ? ಆಗ ಉಳಿದ 2,000 ಸೇರಿಸಿ ಅದನ್ನೇ ತರಬೇಕು. ನಿಮ್ಮ ಊರಿನ ಇವತ್ತಿನ ಬೆಲೆ ಹಾಕಿ ಇದೇ ಲೆಕ್ಕ ಮಾಡಿ. ಡಬ್ಬದ ಬೆಲೆಯನ್ನು ಒಂದೇ ನೋಡಬೇಡಿ, ಅಪ್‌ಗ್ರೇಡ್ ಸೇರಿಸಿದ ಮೊತ್ತ ನೋಡಿ.

ಹಾಗೆಂದು ಪ್ರೊಸೆಸರ್ ಬದಲಿಸಲೇಬಾರದು ಎಂದಲ್ಲ. ನಿಮ್ಮ ಬಳಿ ಈಗಾಗಲೇ 7010 ಇದ್ದು ಅದರೊಳಗೆ ಎರಡೇ ಕೋರಿನ ಪೆಂಟಿಯಂ ಅಥವಾ ಐ3 ಇದ್ದರೆ, ಹಳೆಯ ಐ5-3470 ತಂದು ಹಾಕುವುದು ಬುದ್ಧಿವಂತಿಕೆ. ಎರಡು ಕೋರಿನಿಂದ ನಾಲ್ಕಕ್ಕೆ ಹೋದರೆ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಐ5ರಿಂದ ಐ7ಗೆ ಹೋಗುವುದು ವಿಡಿಯೋ ಎಡಿಟ್ ಮಾಡುವವರಿಗೆ ಮಾತ್ರ. ಹಾಕುವಾಗ ಪ್ರೊಸೆಸರಿನ ಬಿಸಿಯನ್ನು ಹೊರಗೆ ದಾಟಿಸುವ ಹಳೆಯ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚಿ. ಸುಮ್ಮನೆ ಫ್ಯಾನಿನ ಧೂಳು ತೆಗೆದು ಪೇಸ್ಟ್ ಬದಲಿಸಿದರೇ ಬಿಸಿಯಾಗಿ ನಿಧಾನವಾಗಿದ್ದ ಯಂತ್ರ ಮೊದಲಿನ ವೇಗಕ್ಕೆ ಬರುವುದುಂಟು.

ಕೋರ್ 2 ಡ್ಯೂಓ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಈಗ ದುಡ್ಡು ಕೊಟ್ಟು ತರಬೇಡಿ. ಮನೆಯಲ್ಲೇ ಇದ್ದರೆ ಬಿಸಾಡಲೂ ಬೇಡಿ. ಒಂದು ಚಿಕ್ಕ ಎಸ್‌ಎಸ್‌ಡಿ, 4 ಜಿಬಿ ರ‍್ಯಾಮ್, ಲಿನಕ್ಸ್ ಮಿಂಟ್‌ನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿದರೆ ಮಕ್ಕಳ ಟೈಪಿಂಗಿಗೆ, ಲೆಕ್ಕಪತ್ರಕ್ಕೆ ನಡೆಯುತ್ತದೆ.

ವಿಂಡೋಸ್ 11 ಎಳೆದ ಗೆರೆ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ಮನೆಬಳಕೆಯವರು ಹೆಸರು ನೋಂದಾಯಿಸಿದರೆ ಸೆಕ್ಯುರಿಟಿ ಅಪ್‌ಡೇಟ್ 2026ರ ಅಕ್ಟೋಬರ್ ತನಕ ಸಿಗುವ ಏರ್ಪಾಡು ಆಗ ಆಯಿತು. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ 8ನೇ ಜನರೇಷನ್ ಮತ್ತು ಟಿಪಿಎಂ 2.0 ಎಂಬ ಭದ್ರತೆಯ ವ್ಯವಸ್ಥೆ ಬೇಕು. 7ನೇ ಜನರೇಷನ್ನಿನ ಒಳ್ಳೆಯ ಯಂತ್ರಗಳೂ ಹೊರಗೆ ಉಳಿದವು. ಅಡ್ಡದಾರಿಯಲ್ಲಿ ಹಾಕಿಕೊಡುತ್ತೇವೆ ಎನ್ನುವವರಿದ್ದಾರೆ. ಹಾಕಬಹುದು ನಿಜ, ಆದರೆ ಮುಂದಿನ ಅಪ್‌ಡೇಟಿಗೆ ಗ್ಯಾರಂಟಿ ಇಲ್ಲ. ಬ್ಯಾಂಕ್ ಕೆಲಸ, ಜಿಎಸ್‌ಟಿ ಫೈಲಿಂಗ್ ಮಾಡುವ ಯಂತ್ರದಲ್ಲಿ ನಾನಂತೂ ಹಾಗೆ ಮಾಡುವುದಿಲ್ಲ.

ಹಾಗಾಗಿ ವಿಂಡೋಸ್ ಬೇಕೇ ಬೇಕು ಎನ್ನುವವರಿಗೆ ನನ್ನ ಉತ್ತರ ನೇರ. 8ನೇ ಜನರೇಷನ್ ಅಥವಾ ಅದರ ಮೇಲೆ. ಡೆಲ್‌ನಲ್ಲಿ 3060, 5060, 7060. ಎಚ್‌ಪಿಯಲ್ಲಿ ಎಲೀಟ್‌ಡೆಸ್ಕ್ 800 ಜಿ4, ಪ್ರೋಡೆಸ್ಕ್ 600 ಜಿ4. ಲೆನೊವೊದಲ್ಲಿ ಎಂ920. ಐ5 ಕೈಗೆಟುಕದಿದ್ದರೆ ಐ3-8100 ಸಾಕು, ಅದರಲ್ಲಿ ನಾಲ್ಕು ನಿಜವಾದ ಕೋರ್ ಇವೆ.

ಲಿನಕ್ಸ್ ಸಾಕು ಎನ್ನುವವರಿಗೆ ಈ ಗೆರೆ ಇಲ್ಲ. ಅವರಿಗೆ 7010, 9020 ಈಗ ಚಿನ್ನದಂಥ ಯಂತ್ರಗಳು, ಏಕೆಂದರೆ ಈ ಗೆರೆಯಿಂದಾಗಿಯೇ ಅವು ಅಗ್ಗವಾಗಿವೆ. ಕನ್ನಡ ಟೈಪಿಂಗ್ ಬಗ್ಗೆ ಕೇಳುತ್ತಾರೆ. ನುಡಿ ತಂತ್ರಾಂಶದಲ್ಲಿ ಅಭ್ಯಾಸ ಆಗಿರುವ ಕೀಲಿಮಣೆಯ ಜೋಡಣೆ ಲಿನಕ್ಸಿನಲ್ಲೂ ಕೆಜಿಪಿ ಎಂಬ ಹೆಸರಲ್ಲಿ ಇದೆ, ಯೂನಿಕೋಡಿನಲ್ಲಿ ಬರೆಯುವವರಿಗೆ ತೊಂದರೆ ಇಲ್ಲ. ಆದರೆ ಹಳೆಯ ನುಡಿ ಫಾಂಟಿನ ಫೈಲುಗಳಲ್ಲೇ ಡಿಟಿಪಿ ಮಾಡುವವರು ವಿಂಡೋಸಿನಲ್ಲೇ ಇರುವುದು ಮೇಲು.

ಯೂಟ್ಯೂಬ್ ಬಗ್ಗೆ ಒಂದು ಮಾತು. ಅಲ್ಲಿ ಹೆಚ್ಚಾಗಿ ಬರುವ ವಿಪಿ9 ವಿಡಿಯೋವನ್ನು ಬಿಚ್ಚುವ ಪೂರ್ತಿ ಸೌಲಭ್ಯ ಇಂಟೆಲ್ ಗ್ರಾಫಿಕ್ಸಿನೊಳಗೆ ಬಂದದ್ದು 7ನೇ ಜನರೇಷನ್ನಿನಲ್ಲಿ. ಹಿಂದಿನವುಗಳಲ್ಲಿ ಆ ಕೆಲಸ ಪ್ರೊಸೆಸರ್ ಮೇಲೆ ಬೀಳುತ್ತದೆ. ನಾಲ್ಕು ಕೋರಿನ ಐ5 ಅದನ್ನು ಫುಲ್ ಎಚ್‌ಡಿಯಲ್ಲಿ ನಿಭಾಯಿಸುತ್ತದೆ, ಫ್ಯಾನ್ ಮಾತ್ರ ಸ್ವಲ್ಪ ಜೋರಾಗಿ ತಿರುಗುತ್ತದೆ.

ಗೇಮ್ ಆಡುವ ಮಕ್ಕಳಿಗೆ

ಮಗ ಗ್ರಾಫಿಕ್ಸ್ ಕಾರ್ಡ್ ಕೇಳುತ್ತಿದ್ದರೆ ಮೊದಲು ಒಳಗಿನ ಭಾಗಗಳಿಗೆ ವಿದ್ಯುತ್ ಕೊಡುವ ಎಸ್‌ಎಂಪಿಎಸ್ ನೋಡಿ. ಚಿಕ್ಕ ಡಬ್ಬದ 7010ರಲ್ಲಿ ಅದು 240 ವ್ಯಾಟ್, 9020ರಲ್ಲಿ 255. ಬೋರ್ಡಿನ ಸ್ಲಾಟ್ ಕೊಡುವುದು ಹೆಚ್ಚೆಂದರೆ 75 ವ್ಯಾಟ್. ಆದ್ದರಿಂದ ಬೇರೆ ಪವರ್ ವೈರ್ ಬೇಡದ ಕಾರ್ಡುಗಳನ್ನೇ ಹುಡುಕಬೇಕು. ಜಿಟಿ 1030ಕ್ಕೆ 30 ವ್ಯಾಟ್ ಸಾಕು. ಜಿಟಿಎಕ್ಸ್ 1650ರಲ್ಲಿ ಕೆಲವು ಮಾದರಿಗಳು 75ರೊಳಗೆ ನಡೆಯುತ್ತವೆ. ಚಿಕ್ಕ ಡಬ್ಬಕ್ಕೆ ಅರ್ಧ ಎತ್ತರದ ಲೋ ಪ್ರೊಫೈಲ್ ಕಾರ್ಡೇ ಬೇಕು, ಅದಕ್ಕೆ ಬೆಲೆ ಜಾಸ್ತಿ. ಗೇಮ್ ಮನಸ್ಸಿನಲ್ಲಿದ್ದರೆ ಮೊದಲೇ ಎತ್ತರದ ಟವರ್ ಡಬ್ಬ ಕೊಳ್ಳಿ.

"ದೊಡ್ಡ ಎಸ್‌ಎಂಪಿಎಸ್ ಹಾಕಿಸಿದರಾಯಿತು" ಎನ್ನುವುದು ಇಲ್ಲಿ ಅಷ್ಟು ಸಲೀಸಲ್ಲ. 7010ರ ಬೋರ್ಡಿಗೆ ಮಾಮೂಲಿ 24 ಪಿನ್ನಿನ ವೈರ್ ಬರುತ್ತದೆ. 9020ಕ್ಕೆ ಡೆಲ್‌ನದೇ 8 ಪಿನ್. ಎಚ್‌ಪಿ ಎಲೀಟ್‌ಡೆಸ್ಕ್ 800 ಜಿ1ಕ್ಕೆ 6 ಪಿನ್. ಬದಲಿಸಲು ಅಡಾಪ್ಟರ್ ಬೇಕು. ಈ ಒಂದು ವಿಷಯದಲ್ಲಿ ಹಳೆಯ 7010 ಆಮೇಲೆ ಬಂದ 9020ಕ್ಕಿಂತ ವಾಸಿ.

ಅಂಗಡಿಯಲ್ಲಿ ನಿಂತು

ಕೊಳ್ಳುವ ಮುಂಚೆ ಯಂತ್ರ ಆನ್ ಮಾಡಿಸಿ. ಡೆಲ್ ಆದರೆ ಎಫ್2, ಎಚ್‌ಪಿ ಆದರೆ ಎಫ್10, ಲೆನೊವೊ ಆದರೆ ಎಫ್1 ಒತ್ತಿ ಬಯಾಸ್ ಒಳಗೆ ಹೋಗಿ. ಪಾಸ್‌ವರ್ಡ್ ಕೇಳಿದರೆ ಅಲ್ಲೇ ತೆಗೆಸಿ, ಇಲ್ಲವೇ ಬೇರೆ ಡಬ್ಬ ಕೇಳಿ. ಆಫೀಸಿನವರು ಹಾಕಿದ ಪಾಸ್‌ವರ್ಡ್ ಮನೆಗೆ ಬಂದಮೇಲೆ ತಲೆನೋವು. ವಿಂಡೋಸಿನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದರೆ ಪ್ರೊಸೆಸರಿನ ಪೂರ್ತಿ ನಂಬರ್ ಕಾಣುತ್ತದೆ, ರ‍್ಯಾಮಿನ ಎಷ್ಟು ಜಾಗ ತುಂಬಿದೆ ಎಂಬುದೂ ಕಾಣುತ್ತದೆ. ಪೆನ್ ಡ್ರೈವಿನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಒಯ್ದರೆ ಡಿಸ್ಕ್ ಎಷ್ಟು ಗಂಟೆ ಓಡಿದೆ, ಆರೋಗ್ಯ ಹೇಗಿದೆ ಎಂದು ತೋರಿಸುತ್ತದೆ. ಪಕ್ಕದ ಮುಚ್ಚಳ ತೆಗೆಸಿ ಬೋರ್ಡಿನ ಕೆಪಾಸಿಟರ್‌ಗಳ ತಲೆ ಉಬ್ಬಿದೆಯಾ ನೋಡಿ. ಆನ್ ಮಾಡಿದಾಗ ತಾರೀಕು ತಪ್ಪು ತೋರಿಸಿದರೆ ಹೆದರಬೇಡಿ, ಸಿಆರ್2032 ಎಂಬ ಬಟನ್ ಸೆಲ್ ಬದಲಿಸಿದರೆ ಸರಿಹೋಗುತ್ತದೆ. 7010, 9020ರ ಹಿಂದೆ ಎಚ್‌ಡಿಎಂಐ ಇರುವುದಿಲ್ಲ, ವಿಜಿಎ ಮತ್ತು ಡಿಸ್‌ಪ್ಲೇ ಪೋರ್ಟ್ ಇರುತ್ತದೆ. ಮಾನಿಟರಿಗೆ ಬೇಕಾದ ಕನ್ವರ್ಟರನ್ನು ಅಲ್ಲೇ ಕೇಳಿ ತೆಗೆದುಕೊಳ್ಳಿ.

ತಿಪಟೂರಿನ ಗೆಳೆಯನಿಗೆ ಅವತ್ತು ನಾನು ಒಂದೇ ಖರ್ಚು ಮಾಡಿಸಿದೆ, 240 ಜಿಬಿಯ ಎಸ್‌ಎಸ್‌ಡಿ. ಪಿಡಿಎಫ್ ಬೇಗ ತೆರೆಯತೊಡಗಿತು, ಗಿರಾಕಿಗಳ ಸಾಲು ಸರಿಯಿತು. ರ‍್ಯಾಮ್, ಪ್ರೊಸೆಸರ್ ಯಾವುದನ್ನೂ ಮುಟ್ಟಬೇಡ ಎಂದೆ. ಈ ವರ್ಷ ಇಬ್ಬರೂ ಹೋಗಿ ಐ3-8100 ಇರುವ ಡಬ್ಬ ತಂದೆವು, ಡಿಸ್ಕ್ ಇಲ್ಲದ್ದನ್ನೇ ಆರಿಸಿ, ಅಷ್ಟು ದುಡ್ಡು ಕಡಿಮೆ ಮಾಡಿಸಿ. ಹಳೆಯ ಐ7ರಿಂದ ಎಸ್‌ಎಸ್‌ಡಿ ಬಿಚ್ಚಿ ಇದಕ್ಕೆ ಹಾಕಿದೆವು. ಅದನ್ನು ಅಳಿಸಿ ಹೊಸದಾಗಿ ವಿಂಡೋಸ್ 11 ಹಾಕಿ, ಪ್ರಿಂಟರ್ ಜೋಡಿಸುವಷ್ಟರಲ್ಲಿ ಮಧ್ಯಾಹ್ನದ ಗಿರಾಕಿಗಳು ಬರಲು ಶುರುವಾಗಿದ್ದರು.